ಚೀನಿ ಮಸಿಚಿತ್ರದ ಹೂವುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಹೂವಿಗೆ ಯಾವ ಅರ್ಥ ಎಂದು ಒಂದು ಪಟ್ಟಿ ಕೊಟ್ಟರೆ ಸಾಲದೆ?

ಪಟ್ಟಿ ಮಾಡುವುದು ಸುಲಭ. ಕಮಲ ಎಂದರೆ ಶುದ್ಧಿ, ಸೇವಂತಿಗೆ ಎಂದರೆ ದೀರ್ಘಾಯುಷ್ಯ, ಪಿಯೋನಿ ಎಂಬ ದಟ್ಟ ಎಸಳಿನ ದೊಡ್ಡ ಹೂವು ಎಂದರೆ ಸಿರಿ. ಅದನ್ನು ಹಿಡಿದುಕೊಂಡು ನಿಜವಾದ ಚಿತ್ರಗಳ ಮುಂದೆ ನಿಂತರೆ ಮೂರನೆಯ ಚಿತ್ರದ ಹೊತ್ತಿಗೇ ಪಟ್ಟಿ ಕೈಕೊಡುತ್ತದೆ. ಅದೇ ಕಮಲ ಒಂದು ಕಡೆ ಬುದ್ಧನ ಹೂವು, ಇನ್ನೊಂದು ಕಡೆ ಲಂಚ ಮುಟ್ಟದ ಅಧಿಕಾರಿ, ಮತ್ತೊಂದು ಕಡೆ ‘ವರ್ಷ ವರ್ಷವೂ ಮನೆ ತುಂಬಿರಲಿ’ ಎಂಬ ಹಾರೈಕೆ.

ಅರ್ಥ ಬರುವ ದಾರಿಗಳು ಮೂರು. ಮೊದಲನೆಯದು ಗಿಡದ ಸ್ವಭಾವ: ಯಾವಾಗ ಅರಳುತ್ತದೆ, ಎಲ್ಲಿ ಬೆಳೆಯುತ್ತದೆ, ಹೇಗೆ ಬಾಡುತ್ತದೆ. ಎರಡನೆಯದು ಕವಿಗಳು: ಒಬ್ಬ ದೊಡ್ಡ ಕವಿ ಒಂದು ಹೂವನ್ನು ಹಚ್ಚಿಕೊಂಡರೆ ಮುಂದಿನ ಸಾವಿರ ವರ್ಷ ಆ ಹೂವಿನ ಪಕ್ಕದಲ್ಲಿ ಅವನ ನೆರಳು ಇರುತ್ತದೆ. ಮೂರನೆಯದು ಉಚ್ಚಾರ. ಚೀನಿ ಭಾಷೆಯಲ್ಲಿ ಒಂದೇ ರೀತಿ ಕೇಳಿಸುವ ಬೇರೆ ಬೇರೆ ಪದಗಳು ರಾಶಿ ರಾಶಿ ಇವೆ. ನಮ್ಮ ಹಳಗನ್ನಡ ಕವಿಗಳು ಮಾತಿನಲ್ಲಿ ಕಟ್ಟಿದ ಶ್ಲೇಷೆಯನ್ನು ಅಲ್ಲಿನ ಚಿತ್ರಕಾರರು ಹೂವು, ಹಕ್ಕಿ, ಹೂದಾನಿ ಇಟ್ಟು ಕಟ್ಟುತ್ತಾರೆ.

ಬರೀ ಮಸಿಯಲ್ಲಿ ಬರೆಯುವಾಗ ಇವುಗಳ ಮೇಲೆ ಇನ್ನೊಂದು ಸೇರುತ್ತದೆ: ಗೆರೆ. ಬಣ್ಣ ಇಲ್ಲದ ಕಡೆ ಹೂವಿನ ಗುಣವೆಲ್ಲ ಕುಂಚದ ಒತ್ತು, ವೇಗ, ಒದ್ದೆ, ಒಣಗಿನಲ್ಲಿ ಕಾಣಬೇಕು. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಅರ್ಥ ಮತ್ತು ಕೈಕೆಲಸ ಒಟ್ಟೊಟ್ಟಿಗೇ ಬರುತ್ತವೆ.

‘ನಾಲ್ವರು ಸಜ್ಜನರು’ ಯಾರು?

ಮೇಯ್‌ಹುವಾ ಎಂಬ ಚಳಿಗಾಲದ ಹೂವು, ಆರ್ಕಿಡ್, ಬಿದಿರು, ಸೇವಂತಿಗೆ. ಋತುಗಳ ಲೆಕ್ಕದಲ್ಲಿ ಆರ್ಕಿಡ್ ವಸಂತಕ್ಕೆ, ಬಿದಿರು ಬೇಸಿಗೆಗೆ, ಸೇವಂತಿಗೆ ಶರತ್ತಿಗೆ, ಮೇಯ್‌ಹುವಾ ಚಳಿಗಾಲಕ್ಕೆ. ಒಂದೊಂದನ್ನೂ ಬರೆಯುವ ರೂಢಿ ಸೋಂಗ್ ಅರಸುಮನೆತನದ ಕಾಲಕ್ಕೇ (10–13ನೇ ಶತಮಾನ) ಬಲವಾಗಿತ್ತು. ನಾಲ್ಕನ್ನೂ ಒಂದೇ ಗುಂಪಾಗಿ ‘ಸಜ್ಜನರು’ ಎಂದು ಕರೆಯುವುದು ಗಟ್ಟಿಯಾಗಿದ್ದು ಮಿಂಗ್ ಅರಸುಮನೆತನದ ಕಾಲದ ಕೊನೆಯಲ್ಲಿ, 1620ರ ಸುಮಾರಿಗೆ ಅಚ್ಚಾದ ಚಿತ್ರಪಾಠದ ಪುಸ್ತಕದಿಂದ. ಕೊರಿಯಾ, ಜಪಾನುಗಳಿಗೂ ಇದೇ ಗುಂಪು ಹೋಯಿತು.

ಪೈನ್, ಬಿದಿರು, ಮೇಯ್‌ಹುವಾ ಸೇರಿದರೆ ಅದು ಬೇರೆ ಗುಂಪು: ‘ಚಳಿಗಾಲದ ಮೂವರು ಗೆಳೆಯರು’. ಕಷ್ಟದಲ್ಲಿ ಕೈಬಿಡದವರು ಎಂಬ ಅರ್ಥ. ಎರಡು ಗುಂಪುಗಳನ್ನು ಬೆರೆಸಿ ಹೇಳುವ ತಪ್ಪು ಬಹಳ ಕಾಣುತ್ತದೆ.

ನಾಲ್ಕೇ ಯಾಕೆ ಎಂಬುದಕ್ಕೆ ಒಂದು ವ್ಯಾವಹಾರಿಕ ಉತ್ತರವೂ ಇದೆ. ಈ ನಾಲ್ಕನ್ನು ಬರೆಯಲು ಬೇಕಾಗುವ ಗೆರೆಗಳು ಅಕ್ಷರ ಬರೆಯುವ ಗೆರೆಗಳೇ. ಚಿತ್ರಕಲೆ ಕಲಿಯದ, ಆದರೆ ಬಾಲ್ಯದಿಂದ ಕುಂಚ ಹಿಡಿದು ಅಕ್ಷರ ತಿದ್ದಿದ ಓದುಬಲ್ಲ ಅಧಿಕಾರಿ ವರ್ಗದವರು ನೇರವಾಗಿ ಇವಕ್ಕೆ ಕೈಹಾಕಬಹುದಿತ್ತು.

ಮೇಯ್‌ಹುವಾ ಅಂದರೆ ಪ್ಲಮ್ ಹೂವೇ?

ಹಾಗೆ ಕರೆಯುವುದು ರೂಢಿ. ಆದರೆ ಬೆಂಗಳೂರಿನ ಹಣ್ಣಿನಂಗಡಿಯಲ್ಲಿ ಸಿಗುವ ಪ್ಲಮ್ಮಿಗಿಂತ ಈ ಮರ ಏಪ್ರಿಕಾಟ್‌ಗೆ ಹತ್ತಿರದ ಸಂಬಂಧಿ. ಎಲೆ ಚಿಗುರುವ ಮೊದಲೇ, ಚಳಿ ಇನ್ನೂ ಬಿಟ್ಟಿಲ್ಲದಾಗ, ಬರಿ ಕೊಂಬೆಯ ಮೇಲೆ ಅರಳುತ್ತದೆ. ಹಿಮದ ನಡುವೆ ಹೂ ಬಿಡುವ ಈ ಹಟವೇ ಅದರ ಮೊದಲ ಅರ್ಥ. ಐದು ಎಸಳಿಗೆ ಐದು ಭಾಗ್ಯಗಳನ್ನು ಹೊಂದಿಸುವುದೂ ಉಂಟು: ಆಯುಷ್ಯ, ಸಿರಿ, ಆರೋಗ್ಯ ನೆಮ್ಮದಿ, ಸದ್ಗುಣ, ಆಯುಷ್ಯ ತುಂಬಿದ ಮೇಲಿನ ಸಹಜ ಸಾವು.

ಕವಿಗಳ ಪಾಲು ಇಲ್ಲಿ ದೊಡ್ಡದು. ಹಾಂಗ್‌ಜೋ ನಗರದ ಪಶ್ಚಿಮ ಸರೋವರದ ದಡದಲ್ಲಿ ಒಂಟಿಯಾಗಿದ್ದ ಲಿನ್ ಬೂ (1028ರಲ್ಲಿ ತೀರಿಕೊಂಡ) ಮೇಯ್‌ಹುವಾ ಮರವೇ ಹೆಂಡತಿ, ಕೊಕ್ಕರೆಗಳೇ ಮಕ್ಕಳು ಎಂಬಂತೆ ಬದುಕಿದವನೆಂದು ಹೆಸರಾದ. ಅಂದಿನಿಂದ ಈ ಹೂವಿಗೆ ಏಕಾಂತದ ವಾಸನೆ ಅಂಟಿತು. ಅದನ್ನು ಮಸಿಯಲ್ಲಿ ಬರೆಯುವ ಕ್ರಮ ಶುರುಮಾಡಿದವನು ಜೋಂಗ್‌ರೆನ್ ಎಂಬ ಬೌದ್ಧ ಭಿಕ್ಷು ಎನ್ನುತ್ತಾರೆ. ಬೆಳದಿಂಗಳಲ್ಲಿ ಕಿಟಕಿಯ ಕಾಗದದ ಮೇಲೆ ಬಿದ್ದ ಕೊಂಬೆಯ ನೆರಳು ಅವನಿಗೆ ಹೊಳಹು ಕೊಟ್ಟಿತೆಂಬುದು ದಂತಕಥೆ. ಚಿತ್ರಕಾರ ಯಾಂಗ್ ವೂಜ್ಯು 1165ರಲ್ಲಿ ನಾಲ್ಕು ಹಂತಗಳನ್ನು ಒಂದೇ ಸುರುಳಿಯಲ್ಲಿ ಬರೆದ: ಇನ್ನೂ ಮೊಗ್ಗು, ಅರಳಲು ಹೊರಟದ್ದು, ತುಂಬು ಅರಳಿದ್ದು, ಉದುರಲು ಹೊರಟದ್ದು. ಆ ಸುರುಳಿ ಈಗ ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಯುವಾನ್ ಎಂಬ ಮಂಗೋಲ ಮನೆತನದ ಕಾಲದ ವಾಂಗ್ ಮ್ಯೆನ್ ತನ್ನ ಮಸಿಯ ಮೇಯ್‌ಹುವಾ ಚಿತ್ರದ ಮೇಲೆ ಬರೆದ ಪದ್ಯದ ಸಾರ ಇಷ್ಟು: ಚೆಂದದ ಬಣ್ಣ ಎಂದು ಯಾರೂ ಹೊಗಳುವುದು ಬೇಡ, ಲೋಕ ತುಂಬುವ ಶುಭ್ರ ಪರಿಮಳ ಉಳಿದರೆ ಸಾಕು. ಮಂಗೋಲರ ಆಳ್ವಿಕೆಯಲ್ಲಿ ಅಧಿಕಾರದಿಂದ ದೂರ ಉಳಿದವನೊಬ್ಬ ಇದನ್ನು ಬರೆದನೆಂದು ಗೊತ್ತಿದ್ದವರಿಗೆ ಹೂವು ಬರೀ ಹೂವಾಗಿ ಕಾಣುವುದಿಲ್ಲ.

ನಾನು ಬರೆದ ಮೇಯ್‌ಹುವಾ ಚೆರ್ರಿಯಂತೆ ಕಾಣುತ್ತದೆ. ಎಲ್ಲಿ ತಪ್ಪಿದೆ?

ಬಹುಶಃ ಹೂವಿಗೆ ತೊಟ್ಟು ಬರೆದಿದ್ದೀರಿ. ಮೇಯ್‌ಹುವಾದ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ; ಹೂವು ಕೊಂಬೆಗೆ ಅಂಟಿಕೊಂಡೇ ಕೂರುತ್ತದೆ. ಚೆರ್ರಿ ಹೂವು ಉದ್ದ ತೊಟ್ಟಿನಲ್ಲಿ ತೂಗುತ್ತದೆ. ಎಸಳಿನ ತುದಿಯನ್ನೂ ನೋಡಿ: ಮೇಯ್‌ಹುವಾದ್ದು ದುಂಡಗೆ, ಚೆರ್ರಿಯದ್ದು ಸೀಳಿದಂತೆ.

ಕ್ರಮ ಹೀಗೆ. ಮೊದಲು ಮುದಿಕಾಂಡ. ಕುಂಚದಲ್ಲಿ ನೀರು ಕಡಿಮೆ ಇಟ್ಟು, ಓರೆಯಾಗಿ ಹಿಡಿದು, ತಡೆತಡೆದು ಎಳೆಯಿರಿ. ಗೆರೆಯ ನಡುವೆ ಕಾಗದದ ಬಿಳಿ ಇಣುಕಬೇಕು. ತೊಗಟೆ ಬರುವುದು ಅದರಿಂದಲೇ. ಹೂ ಕೂರುವ ಜಾಗಗಳನ್ನು ಆಗಲೇ ಖಾಲಿ ಬಿಡಿ. ಮಸಿಯ ಮೇಲೆ ಬಿಳಿ ಹೂವನ್ನು ಆಮೇಲೆ ಕೂರಿಸಲು ಬರುವುದಿಲ್ಲ. ನಂತರ ಎಳೆ ಕೊಂಬೆಗಳನ್ನು ಬುಡದಿಂದ ತುದಿಗೆ ಒಂದೇ ಉಸಿರಿನಲ್ಲಿ ಚಿಮ್ಮಿಸಬೇಕು. ಕೊಂಬೆಗಳು ಒಂದನ್ನೊಂದು ಹಾಯುವ ರೀತಿಗೆ ಚೀನಿ ಲಿಪಿಯ ‘ಹೆಣ್ಣು’ ಎಂಬ ಅಕ್ಷರವನ್ನು ಮಾದರಿ ಹೇಳುತ್ತಾರೆ: ಮೂರು ಗೆರೆ ಹಾದು ನಡುವೆ ಒಂದು ಸಣ್ಣ ಕಿಂಡಿ ಉಳಿಯುತ್ತದೆ. ಎಸಳನ್ನು ತೆಳು ಮಸಿಯಲ್ಲಿ ಎರಡೆರಡು ಗೆರೆಗಳಿಂದ ಸುತ್ತಿ. ಗೆರೆ ಎಲ್ಲ ಕಡೆ ಒಂದೇ ದಪ್ಪವಿದ್ದರೆ ತಂತಿಯ ಹೂವಾಗುತ್ತದೆ. ಕೊನೆಗೆ ಗಾಢ ಮಸಿಯಲ್ಲಿ ಕೇಸರ, ಅದರ ತುದಿಗೆ ಚುಕ್ಕಿ, ಹೂವಿನ ಬುಡದಲ್ಲಿ ತೊಟ್ಟಿನ ಚುಕ್ಕಿ. ಈ ಚುಕ್ಕಿಗಳೇ ಇಡೀ ಚಿತ್ರದಲ್ಲಿ ಅತ್ಯಂತ ಕಪ್ಪಾಗಿರಬೇಕು. ಅಲ್ಲಿ ಮಸಿ ಮಂಕಾದರೆ ಚಿತ್ರವೇ ನಿದ್ದೆಹೋದಂತೆ ಕಾಣುತ್ತದೆ.

ಈ ಹೂವಿಗೆ ಹಳೆಯ ನಾಲ್ಕು ಮಾನದಂಡಗಳಿವೆ: ದಟ್ಟಕ್ಕಿಂತ ವಿರಳ ಮೇಲು, ಎಳೆಯದಕ್ಕಿಂತ ಮುದಿ ಮೇಲು, ದಪ್ಪಕ್ಕಿಂತ ತೆಳು ಮೇಲು, ಅರಳಿದ್ದಕ್ಕಿಂತ ಮೊಗ್ಗು ಮೇಲು. ಕಲಿಯುವವರು ಮೊದಲು ಮುರಿಯುವುದು ಮೊದಲನೆಯದನ್ನೇ. ಒಂದು ಕೊಂಬೆಗೆ ಮೂವತ್ತು ಹೂ ಅಂಟಿಸುತ್ತಾರೆ. ಹಿಮದಲ್ಲಿ ಒಬ್ಬಂಟಿಯಾಗಿ ನಿಂತವನ ಕತೆ ಅಲ್ಲಿಗೆ ಮುಗಿಯಿತು, ಮದುವೆಯ ಚಪ್ಪರ ಎದ್ದಿತು.

ಚಿತ್ರದಲ್ಲಿ ಹುಲ್ಲಿನಂತಿರುವುದನ್ನು ಆರ್ಕಿಡ್ ಎನ್ನುತ್ತಾರಲ್ಲ?

ಅದು ಆರ್ಕಿಡ್ಡೇ. ನಮಗೆ ಆರ್ಕಿಡ್ ಎಂದರೆ ಮಲೆನಾಡಿನ ಮರಗಳಲ್ಲಿ ಜೋತುಬೀಳುವ ಸೀತಾಳೆ ದಂಡೆ, ಇಲ್ಲವೆ ಹೂವಿನಂಗಡಿಯ ನೇರಳೆ ಗೊಂಚಲು ನೆನಪಾಗುತ್ತದೆ. ಚೀನಿ ಮಸಿಚಿತ್ರದ್ದು ಸಿಂಬಿಡಿಯಂ ಕುಲದ ನೆಲದ ಆರ್ಕಿಡ್. ಎಲೆ ಹುಲ್ಲಿನಂತೆ ಉದ್ದ, ಹೂವು ಸಣ್ಣದು, ಹಸಿರು ಬೆರೆತದ್ದು, ಕಣ್ಣಿಗೆ ಬೀಳುವುದೇ ಕಷ್ಟ. ಪರಿಮಳ ಮಾತ್ರ ದೂರಕ್ಕೆ ಮುಟ್ಟುತ್ತದೆ. ಯಾರೂ ಇಲ್ಲದ ಕಣಿವೆಯಲ್ಲೂ ಪರಿಮಳ ಬೀರುವ ಹೂವು ಎಂದು ಕನ್‌ಫ್ಯೂಷಿಯಸ್ ಹೆಸರಿನಲ್ಲಿ ಬಂದ ಮಾತಿದೆ. ಗುರುತಿಸುವವರಿಲ್ಲದಿದ್ದರೂ ನಡತೆ ಬಿಡದವನಿಗೆ ಇದು ಹೋಲಿಕೆ.

ಒಂದು ಸೂಕ್ಷ್ಮ ಇದೆ. ಕನ್‌ಫ್ಯೂಷಿಯಸ್ ಕಾಲದ, ಕ್ರಿಸ್ತಪೂರ್ವದ ಕವಿ ಚೂ ಯುವಾನ್‌ನ ಕಾಲದ ‘ಲಾನ್’ ಎಂಬ ಪದ ಬಹುಮಟ್ಟಿಗೆ ಬೇರೆಯೇ ಒಂದು ಸುಗಂಧದ ಮೂಲಿಕೆಗೆ ಸಲ್ಲುತ್ತಿತ್ತು. ಹೆಸರು ಈ ಆರ್ಕಿಡ್ಡಿಗೆ ದಾಟಿದ್ದು ಆಮೇಲೆ. ಹಳೆಯ ಪದ್ಯದ ಗೌರವವೆಲ್ಲ ಹೆಸರಿನ ಜೊತೆಗೇ ದಾಟಿ ಬಂತು.

ದಂಟಿಗೆ ಒಂದೇ ಹೂವಿದ್ದರೆ ‘ಲಾನ್’, ಹಲವು ಹೂಗಳಿದ್ದರೆ ‘ಹುಯ್’ ಎಂದು ಚಿತ್ರಕಾರರು ಬೇರೆ ಮಾಡುತ್ತಾರೆ.

ಬೇರಿಗೆ ಮಣ್ಣೇ ಇಲ್ಲದ ಆರ್ಕಿಡ್ ಚಿತ್ರ ನೋಡಿದೆ. ಅಪೂರ್ಣವೇ?

ಪೂರ್ಣವೇ. ಜೆಂಗ್ ಸಿಶ್ಯಾವ್ (1241–1318) ಸೋಂಗ್ ರಾಜ್ಯ 1279ರಲ್ಲಿ ಮಂಗೋಲರ ಕೈಗೆ ಬಿದ್ದ ಮೇಲೆ ಆರ್ಕಿಡ್ ಬರೆದಾಗ ನೆಲ ಬರೆಯಲಿಲ್ಲ. ಯಾಕೆಂದು ಕೇಳಿದವರಿಗೆ, ನೆಲವನ್ನು ಪರರು ಕದ್ದೊಯ್ದಿದ್ದಾರೆ, ನಿಮಗೆ ಗೊತ್ತಿಲ್ಲವೆ ಎಂದನಂತೆ. ಅವನ 1306ರ ಪುಟ್ಟ ಚಿತ್ರ ಜಪಾನಿನ ಒಸಾಕಾ ನಗರದ ಕಲಾ ಸಂಗ್ರಹಾಲಯದಲ್ಲಿದೆ: ಕೆಲವೇ ಎಲೆ, ಅದರ ನಡುವೆ ಹೂವು, ಸುತ್ತ ಖಾಲಿ. ನೂರಾರು ಮಾತಿನ ದೂರು ಪತ್ರವೊಂದನ್ನು ಇಷ್ಟರಲ್ಲಿ ಹೇಳಿದ್ದಾನೆ. ಹಾಗೆಂದು ನೆಲವಿಲ್ಲದ ಆರ್ಕಿಡ್ಡೆಲ್ಲ ರಾಜಕೀಯವಲ್ಲ. ನಂತರದವರು ಬರೀ ಸೊಗಸಿಗೂ ಹಾಗೆ ಬರೆದಿದ್ದಾರೆ. ಚಿತ್ರದ ಮೇಲಿನ ಬರಹ ಓದಿಯೇ ತೀರ್ಮಾನಿಸಬೇಕು.

ಆರ್ಕಿಡ್ ಎಲೆಗೆ ನಿಯಮಗಳಿವೆಯಂತೆ, ಏನವು?

ಒಂದೊಂದು ಎಲೆಯೂ ಒಂದೇ ಗೆರೆ. ಬುಡದಲ್ಲಿ ಮೊಳೆಯ ತಲೆಯಂತೆ ಒತ್ತಿ ಶುರು, ನಡುವೆ ಮಾಂಟಿಸ್ ಎಂಬ ಕೀಟದ ಹೊಟ್ಟೆಯಂತೆ ಉಬ್ಬು, ತುದಿ ಇಲಿಯ ಬಾಲದಂತೆ ಚೂಪು: ಮೂರು ಹೆಸರುಗಳಲ್ಲಿ ಇಡೀ ಪಾಠ ಇದೆ. ಮೊದಲ ಎಲೆ ಉದ್ದಕ್ಕೆ ಬಾಗುತ್ತದೆ. ಎರಡನೆಯದು ಬುಡದ ಹತ್ತಿರ ಅದನ್ನು ದಾಟಿದಾಗ ನಡುವೆ ಉದ್ದನೆಯ ಕಣ್ಣಿನ ಆಕಾರ ಉಳಿಯುತ್ತದೆ. ಅದು ‘ಫೀನಿಕ್ಸ್ ಕಣ್ಣು’. ಮೂರನೆಯ ಎಲೆ ಆ ಕಣ್ಣನ್ನು ಸೀಳಿ ಹೋಗಬೇಕು. ಈ ಮೂರು ಕೂತರೆ ಉಳಿದ ಗಿಡ್ಡ ಎಲೆಗಳನ್ನು ಹೇಗೂ ಸೇರಿಸಬಹುದು.

ಹಾಳಾಗುವ ರೀತಿಗಳೂ ಗೊತ್ತಿರುವವೇ. ಮೂರೂ ಎಲೆ ಒಂದೇ ಬಿಂದುವಿನಲ್ಲಿ ಹಾದರೆ ಗಂಟು ಬೀಳುತ್ತದೆ. ಬೆರಳಷ್ಟೇ ಆಡಿಸಿದರೆ ಎಲೆ ನಡುಗುತ್ತದೆ. ಮಣಿಕಟ್ಟು ಎತ್ತಿ, ತೋಳಿನಿಂದ ಎಳೆಯಬೇಕು. ನಡುವೆ ನಿಲ್ಲಿಸಿದರೆ ಅಲ್ಲೊಂದು ಮಸಿಯ ಉಂಡೆ. ಎಲೆ ತಿರುಚಿದಂತೆ ಕಾಣಬೇಕಾದ ಕಡೆ ಕುಂಚವನ್ನು ಎತ್ತಿ ಗೆರೆ ಕೂದಲೆಳೆಯಷ್ಟು ತೆಳುವಾಗಲು ಬಿಡಿ, ತುಂಡಾದರೂ ಚಿಂತೆಯಿಲ್ಲ; ಕಣ್ಣು ಜೋಡಿಸಿಕೊಳ್ಳುತ್ತದೆ. ಎಲೆಗೆ ಗಾಢ ಮಸಿ, ಹೂವಿಗೆ ತೆಳು ಮಸಿ. ಐದು ಎಸಳುಗಳನ್ನು ಅಂಗೈಯ ಬೆರಳುಗಳಂತೆ ಸಮವಾಗಿ ಹರಡಬೇಡಿ. ಕೊನೆಯ ಎರಡು ಮೂರು ಕಪ್ಪು ಚುಕ್ಕಿ ಹೂವಿನ ಹೃದಯ. ತೆಳು ಎಸಳು ಪೂರ್ತಿ ಒಣಗುವ ಮೊದಲು ಇಟ್ಟರೆ ಅಂಚು ಸ್ವಲ್ಪ ಬೆರೆತು ಜೀವ ಬರುತ್ತದೆ.

ಬಿದಿರು ಹೂವಲ್ಲ. ಇಲ್ಲಿ ಯಾಕೆ?

ನಮ್ಮ ಕಡೆ ಬಿದಿರು ಹೂ ಬಿಟ್ಟರೆ ಬರಗಾಲದ ಸೂಚನೆ ಎನ್ನುತ್ತಾರೆ. ಚೀನಿ ಚಿತ್ರದಲ್ಲಿ ಅದರ ಹೂವಿಗೆ ಕೆಲಸವೇ ಇಲ್ಲ. ಗಿಣ್ಣು ಎಂಬುದಕ್ಕೂ ನೈತಿಕ ನಿಷ್ಠೆ ಎಂಬುದಕ್ಕೂ ಚೀನಿಯಲ್ಲಿ ಒಂದೇ ಪದ, ‘ಜ್ಯೆ’. ಒಳಗಿನ ಪೊಳ್ಳು ಎಂದರೆ ಅಹಂಕಾರ ತುಂಬದ ಮನಸ್ಸು. ಬಾಗಿದರೂ ಮುರಿಯದು, ಚಳಿಯಲ್ಲೂ ಹಸಿರು. ಜೆಂಗ್ ಶ್ಯೆ (1693–1765) ಮ್ಯಾಜಿಸ್ಟ್ರೇಟನಾಗಿದ್ದಾಗ, ಕಚೇರಿಯಲ್ಲಿ ಮಲಗಿ ಬಿದಿರೆಲೆಯ ಸರಸರ ಕೇಳಿದರೆ ಜನರ ನರಳಾಟವೇನೋ ಅನ್ನಿಸುತ್ತದೆ ಎಂದು ತನ್ನ ಬಿದಿರಿನ ಚಿತ್ರದ ಮೇಲೆ ಬರೆದ. ಎಲೆಗಳು ಒಂದೇ ಕಡೆ ಹಾರಿದ್ದರೆ ಗಾಳಿ, ಕೆಳಗೆ ಜೋತಿದ್ದರೆ ಮಳೆ ಎಂದು ಓದಿಕೊಳ್ಳಿ.

ಸೇವಂತಿಗೆಗೆ ಅಷ್ಟೊಂದು ಮಾನ ಯಾಕೆ?

ಎಲ್ಲ ಹೂಗಳೂ ಮುಗಿದ ಮೇಲೆ, ಮಂಜು ಬೀಳುವ ಶರತ್ತಿನಲ್ಲಿ ಅರಳುತ್ತದೆ. ಇನ್ನೂ ಒಂದು ಗುಣ ಹೂ ಕಟ್ಟುವವರಿಗೆಲ್ಲ ಗೊತ್ತು: ಅದರ ಎಸಳು ಉದುರುವುದಿಲ್ಲ, ಗಿಡದಲ್ಲೇ ಒಣಗುತ್ತದೆ. ಮಣ್ಣಿಲ್ಲದ ಆರ್ಕಿಡ್ ಬರೆದ ಜೆಂಗ್ ಸಿಶ್ಯಾವ್‌ಗೆ ಇದು ಕೂಡ ನಿಷ್ಠೆಯ ಗುರುತು. ಪರಿಮಳವನ್ನು ಅಪ್ಪಿಕೊಂಡು ಕೊಂಬೆಯಲ್ಲೇ ಸಾಯುತ್ತೇನೆ, ಗಾಳಿಗೆ ಉದುರುವುದಿಲ್ಲ ಎಂಬ ಅರ್ಥದ ಪದ್ಯ ಅವನದು.

ಆದರೆ ಈ ಹೂವಿನ ನಿಜವಾದ ಒಡೆಯ ಕವಿ ತಾವ್ ಯುವಾನ್‌ಮಿಂಗ್ (365–427). ಸರ್ಕಾರಿ ಕೆಲಸ ಬಿಟ್ಟು ಹಳ್ಳಿಗೆ ಬಂದು, ಪೂರ್ವದ ಬೇಲಿಯ ಬಳಿ ಸೇವಂತಿಗೆ ಕೊಯ್ಯುತ್ತ ದೂರದ ಬೆಟ್ಟ ನೋಡಿದೆ ಎಂದ. ಹಾಗಾಗಿ ಸೇವಂತಿಗೆಯ ಪಕ್ಕದಲ್ಲಿ ಬಿದಿರಿನ ಬೇಲಿ ಇದ್ದರೆ ಅದು ತೋಟದ ವಿವರವಲ್ಲ, ತಾವ್‌ನ ಹೆಸರು ಹೇಳಿದಂತೆ. ಅದೇ ಹೂವು ದೀರ್ಘಾಯುಷ್ಯಕ್ಕೂ ಸಲ್ಲುತ್ತದೆ: ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತನೇ ದಿನ ಸೇವಂತಿಗೆಯ ಹಬ್ಬ, ‘ಒಂಬತ್ತು’ ಮತ್ತು ‘ಬಹುಕಾಲ’ ಎರಡರ ಉಚ್ಚಾರವೂ ‘ಜ್ಯು’.

ಬರೆಯುವಾಗ ಎಸಳಿನ ಗೆರೆ ತುದಿಯಿಂದ ನಡುವಿಗೆ ಬರಲಿ. ಎಲ್ಲ ಎಸಳೂ ಒಂದೇ ಉದ್ದವಾದರೆ ಸೈಕಲ್ ಚಕ್ರ. ಎಲೆಗೆ ಐದು ಒತ್ತು, ನಡುವಿನದು ಮೊದಲು. ನರಗಳನ್ನು ಎಲೆ ಮುಕ್ಕಾಲು ಒಣಗಿದಾಗ ಎಳೆಯಬೇಕು. ಮುಂಚೆ ಎಳೆದರೆ ಹರಡುತ್ತದೆ, ಪೂರ್ತಿ ಒಣಗಿದ ಮೇಲೆ ಎಳೆದರೆ ಮೇಲೆ ಅಂಟಿಸಿದಂತೆ ಕಾಣುತ್ತದೆ.

ಚೀನಿ ಕಮಲಕ್ಕೂ ನಮ್ಮ ತಾವರೆಗೂ ಅರ್ಥದಲ್ಲಿ ವ್ಯತ್ಯಾಸ ಉಂಟೆ?

ಗಿಡ ಒಂದೇ. ಬೌದ್ಧಧರ್ಮದ ಜೊತೆ ಅದರ ಪಾವಿತ್ರ್ಯ ಭಾರತದಿಂದ ಹೋಯಿತು. ನೀರಲ್ಲಿದ್ದೂ ಒದ್ದೆಯಾಗದ ತಾವರೆಯ ಎಲೆ ನಮಗೆ ಗೀತೆಯಿಂದಲೇ ಪರಿಚಿತ. ಆದರೆ 1063ರಲ್ಲಿ ತತ್ವಜ್ಞಾನಿ ಜೋ ದುನ್‌ಯಿ ಬರೆದ ಕಿರುಪ್ರಬಂಧ ದಿಕ್ಕು ಬದಲಿಸಿತು. ಸೇವಂತಿಗೆ ಹೂಗಳಲ್ಲಿ ಏಕಾಂತವಾಸಿ, ಪಿಯೋನಿ ಸಿರಿವಂತ, ಕಮಲ ಸಜ್ಜನ ಎಂದು ಅವನು ಹಂಚಿದ. ಕೆಸರಿನಿಂದೆದ್ದರೂ ಕೊಳೆಯಾಗದ್ದು, ದಂಟು ಒಳಗೆ ಪೊಳ್ಳು ಹೊರಗೆ ನೇರ, ದೂರದಿಂದ ನೋಡಬಹುದು, ಸಲಿಗೆಯಿಂದ ಮುಟ್ಟಲಾಗದು. ಮೋಕ್ಷದ ಹೂವು ಹೀಗೆ ಸಂಸಾರದ ನಡುವೆ ಇರುವ ಪ್ರಾಮಾಣಿಕ ಮನುಷ್ಯನ ಹೂವಾಯಿತು. ನಮ್ಮಲ್ಲಿ ಲಕ್ಷ್ಮಿ ಕೂತಿರುವುದು ತಾವರೆಯ ಮೇಲೆ. ಅಲ್ಲಿ ಸಿರಿ ಪಿಯೋನಿಯ ಪಾಲು. ಈ ಒಂದು ವ್ಯತ್ಯಾಸ ನೆನಪಿಟ್ಟರೆ ಬಹಳಷ್ಟು ಗೊಂದಲ ತಪ್ಪುತ್ತದೆ.

ಇದರ ಮೇಲೆ ಶ್ಲೇಷೆಯ ಹೊರೆ ಬೇರೆ. ಕಮಲಕ್ಕೆ ‘ಲ್ಯೆನ್’ ಎಂಬ ಹೆಸರು. ‘ಎಡೆಬಿಡದೆ’, ‘ಲಂಚಮುಕ್ತ’ ಎಂಬವೂ ಹಾಗೇ ಕೇಳಿಸುತ್ತವೆ. ಇನ್ನೊಂದು ಹೆಸರು ‘ಹ’. ‘ಸಾಮರಸ್ಯ’ಕ್ಕೂ ಅದೇ ಉಚ್ಚಾರ. ಕಮಲದ ಜೊತೆ ಮೀನು ಇದ್ದರೆ ವರ್ಷ ವರ್ಷವೂ ಸಮೃದ್ಧಿ, ಒಂದೇ ದಂಟಿನಲ್ಲಿ ಎರಡು ಹೂವಿದ್ದರೆ ದಾಂಪತ್ಯ.

ಬಾಡಿದ ಕಮಲ ಬೇರೆಯೇ ಲೋಕ. ಮಿಂಗ್ ರಾಜಮನೆತನದಲ್ಲಿ 1626ರಲ್ಲಿ ಹುಟ್ಟಿ, 1644ರಲ್ಲಿ ಮನೆತನ ಬಿದ್ದ ಮೇಲೆ ಭಿಕ್ಷುವಾದ ಬಾದಾ ಶಾನ್‌ರೆನ್‌ನ ಕಮಲಗಳಲ್ಲಿ ಉದ್ದ ದಂಟುಗಳು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತವೆ, ಕೆಳಗೆ ಕಣ್ಣು ಮೇಲೆ ಮಾಡಿದ ಒಂದು ಮುನಿಸಿನ ಹಕ್ಕಿ. ಅವನ ಸಹಿಯ ಅಕ್ಷರಗಳನ್ನು ಕೂಡಿಸಿ ಓದಿದರೆ ‘ನಗು’ ಎಂದೂ ‘ಅಳು’ ಎಂದೂ ಕಾಣುತ್ತದೆ.

ಬರೆಯುವವರಿಗೆ ಒಂದು ಎಚ್ಚರಿಕೆ: ತಾವರೆಯ ಬದಲು ನೈದಿಲೆ ಬರೆಯಬೇಡಿ. ತಾವರೆಯ ಎಲೆಗೆ ಸೀಳಿಲ್ಲ, ದಂಟು ಎಲೆಯ ನಡುವಿಗೆ ಸೇರುತ್ತದೆ, ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ದಂಟಿನ ಮೇಲಿನ ಸಣ್ಣ ಮುಳ್ಳಿನ ಚುಕ್ಕಿಗಳನ್ನೂ ಮರೆಯಬೇಡಿ.

ಪಿಯೋನಿಯನ್ನು ಬರೀ ಕಪ್ಪಿನಲ್ಲಿ ಬರೆದರೆ ಸಿರಿ ಎಲ್ಲಿ ಉಳಿಯಿತು?

ಉಳಿಯಬಾರದೆಂದೇ ಕೆಲವರು ಹಾಗೆ ಬರೆದರು. ತಾಂಗ್ ಅರಸುಮನೆತನದ ಕಾಲದ (7–10ನೇ ಶತಮಾನ) ರಾಜಧಾನಿಗಳು ಈ ಹೂವಿಗೆ ಮರುಳಾಗಿದ್ದವು, ಲುವೊಯಾಂಗ್ ನಗರ ಇವತ್ತಿಗೂ ಅದಕ್ಕೆ ಹೆಸರುವಾಸಿ. ‘ಸಿರಿ ಮತ್ತು ಪದವಿಯ ಹೂವು’ ಎಂದೇ ಅದರ ಅಡ್ಡಹೆಸರು. ಬಡತನದಲ್ಲೇ ಸತ್ತ ಶೂ ವೇಯ್ (1521–1593) ಅದನ್ನು ಮಸಿ ಚೆಲ್ಲಿದಂತೆ ಬರೆದು, ತಾನು ಬಡವ, ಆ ಬಣ್ಣಗಳು ತನ್ನ ಪಾಲಿನವಲ್ಲ ಎಂಬರ್ಥದ ಮಾತು ಸೇರಿಸಿದ. ಗೃಹಪ್ರವೇಶಕ್ಕೆ ಕಪ್ಪು ಪಿಯೋನಿ ಉಡುಗೊರೆ ಕೊಡುವ ಮುನ್ನ ಇದು ತಿಳಿದಿರಲಿ.

ಹೂವಿನ ಜೊತೆ ಬರುವ ಹಕ್ಕಿ, ಪ್ರಾಣಿಗಳನ್ನು ಹೇಗೆ ಓದುವುದು?

ಬಹುತೇಕ ಒಗಟಿನಂತೆ, ಜೋರಾಗಿ ಉಚ್ಚರಿಸಿ. ಮೇಯ್‌ಹುವಾ ಕೊಂಬೆಯ ತುದಿಯಲ್ಲಿ ಮ್ಯಾಗ್‌ಪೈ ಕೂತಿದೆ ಎನ್ನಿ. ಮ್ಯಾಗ್‌ಪೈ ‘ಸಂತೋಷದ ಹಕ್ಕಿ’, ‘ಮೇಯ್’ ಎಂದರೆ ಹುಬ್ಬು ಎಂದೂ ಆಗುತ್ತದೆ: ಸಂತೋಷ ಹುಬ್ಬಿನ ತುದಿಗೇರಿತು. ಕ್ವೇಲ್ ಹಕ್ಕಿ, ಸೇವಂತಿಗೆ, ಉದುರಿದ ಎಲೆ ಸೇರಿದರೆ ‘ಆನ್-ಜ್ಯು-ಲ-ಯೆ’, ನೆಮ್ಮದಿಯ ಮನೆ, ಖುಷಿಯ ಕಸುಬು. ಎಲೆ ಉದುರದೆ ಕೊಂಬೆಯಲ್ಲೇ ಇದ್ದರೆ ಅರ್ಧ ಮಾತು ಕಳೆದುಹೋಯಿತು. ಒಂದು ಬೆಳ್ಳಕ್ಕಿ ಮತ್ತು ಕಮಲ ಎಂದರೆ ಪರೀಕ್ಷೆಗಳಲ್ಲಿ ಸಾಲು ಸಾಲು ಗೆಲುವು. ಬೆಳ್ಳಕ್ಕಿ ಒಂದೇ ಇರಬೇಕು, ಏಕೆಂದರೆ ‘ಒಂದು’ ಎಂಬ ಪದವೂ ಶ್ಲೇಷೆಯ ಭಾಗ. ಅಂದಕ್ಕೆಂದು ಎರಡು ಬರೆದರೆ ಹಾರೈಕೆ ಮುರಿಯಿತು. ಪಿಯೋನಿ, ಬೆಕ್ಕು, ಚಿಟ್ಟೆ: ‘ಮಾವ್’ ಮತ್ತು ‘ದಿಯೆ’ ಎಂಬ ಉಚ್ಚಾರ ಎಪ್ಪತ್ತು ಎಂಬತ್ತು ದಾಟಿದ ವಯಸ್ಸನ್ನು ಸೂಚಿಸುತ್ತದೆ, ಸಿರಿಯ ಜೊತೆ ಇಳಿವಯಸ್ಸು. ಹೂದಾನಿ ಇದ್ದರೆ ‘ಪಿಂಗ್’, ಶಾಂತಿ. ಮ್ಯಾಗ್ನೋಲಿಯ, ಕಾಡುಸೇಬಿನ ಹೂವು, ಪಿಯೋನಿ ಮೂರೂ ಇದ್ದರೆ ‘ಪಚ್ಚೆ ಮಂಟಪದ ಸಿರಿ’. ಬಾಯಿಬಿಟ್ಟ ದಾಳಿಂಬೆಗೆ ಉಚ್ಚಾರದ ಹಂಗಿಲ್ಲ, ಬೀಜದಷ್ಟು ಮಕ್ಕಳು.

ಇಂಥ ಶ್ಲೇಷೆಯ ಚಿತ್ರಗಳು ಹೆಚ್ಚಾಗಿ ಹಬ್ಬ, ಹುಟ್ಟುಹಬ್ಬ, ಮದುವೆಗೆ ಬರೆದವು. ವಿದ್ವಾಂಸ ಚಿತ್ರಕಾರರು ಇವನ್ನು ಸ್ವಲ್ಪ ಕೀಳಾಗಿ ನೋಡಿದ್ದುಂಟು. ಆ ಬಿಗುಮಾನವನ್ನು ನಾವು ಹೊರಬೇಕಿಲ್ಲ. ಅವರಲ್ಲೂ ಹಲವರು ಹಣಕ್ಕೆ ಇವನ್ನೇ ಬರೆದರು.

ಉಡುಗೊರೆಗೆ ಯಾವುದು ಬೇಡ?

ಬಾಡಿದ ಕಮಲ, ಮಣ್ಣಿಲ್ಲದ ಆರ್ಕಿಡ್ ಶುಭಕಾರ್ಯಕ್ಕೆ ಬೇಡ. ಬಿಳಿ ಸೇವಂತಿಗೆಯ ಗುಚ್ಛ ಇವತ್ತಿನ ಚೀನಾದಲ್ಲಿ ಸಾವಿನ ಮನೆಯದು. ಚಿತ್ರದ ಸೇವಂತಿಗೆ ಹಿರಿಯರಿಗೆ ಸಲ್ಲುತ್ತದೆ, ಜೊತೆಗೆ ಒಂದು ಬಂಡೆ ಬರೆದರೆ ಆಯುಷ್ಯದ ಅರ್ಥ ಇನ್ನೂ ಗಟ್ಟಿ. ತಾಯಿಗೆ ಡೇಲಿಲಿ: ಚಿಂತೆ ಮರೆಸುವ ಗಿಡ ಎಂದು ಹೆಸರು. ಹೂವಿನ ಸಂಖ್ಯೆ ನಾಲ್ಕಾಗದಂತೆ ನೋಡಿಕೊಳ್ಳಿ, ಅದರ ಉಚ್ಚಾರ ‘ಸಾವಿ’ಗೆ ಹತ್ತಿರ.

ಕಾಗದ, ಮಸಿ, ಕುಂಚ ಯಾವುದು ತರಬೇಕು?

ಅಂಗಡಿಯಲ್ಲಿ ‘ರೈಸ್ ಪೇಪರ್’ ಎಂದು ಮಾರುವುದನ್ನು ಅಕ್ಕಿಯಿಂದ ಮಾಡುವುದಿಲ್ಲ. ಮಸಿಚಿತ್ರದ ಈ ಕಾಗದದ ಚೀನಿ ಹೆಸರು ಶುವಾನ್; ಒಳ್ಳೆಯದು ಆನ್‌ಹುಯ್ ಪ್ರಾಂತದ ಜಿಂಗ್ ಕೌಂಟಿಯದು. ನೀಲಿ ಚಂದನವೆಂದು ಕರೆಯುವ ಮರದ (ನಮ್ಮ ಶ್ರೀಗಂಧಕ್ಕೆ ಸಂಬಂಧವಿಲ್ಲ) ತೊಗಟೆನಾರು ಮತ್ತು ಭತ್ತದ ಹುಲ್ಲು ಸೇರಿಸಿ ಮಾಡುತ್ತಾರೆ. 2009ರಲ್ಲಿ ಯುನೆಸ್ಕೋ ಆ ಕಸುಬನ್ನು ತನ್ನ ಪಟ್ಟಿಗೆ ಸೇರಿಸಿತು. ‘ಹಸಿ’ ಕಾಗದ ಮಸಿ ಹೀರಿ ಹರಡುತ್ತದೆ, ನಾಲ್ವರು ಸಜ್ಜನರಿಗೆ ಅದೇ ಬೇಕು. ಪಟಿಕ ಹಚ್ಚಿದ ‘ಮಾಗಿದ’ ಕಾಗದ ಸೂಕ್ಷ್ಮ ಬಣ್ಣದ ಕೆಲಸಕ್ಕೆ. ಸಾಮಾನ್ಯ ಹಾಳೆ 69×138 ಸೆಂಟಿಮೀಟರ್. ನಾಲ್ಕು ತುಂಡು ಮಾಡಿದರೆ ಅಭ್ಯಾಸಕ್ಕೆ ಸರಿಯಾದ ಅಳತೆ. ಕೆಳಗೆ ದಪ್ಪ ಉಣ್ಣೆ ಬಟ್ಟೆ ಹಾಸಿ. ಒರಟು ಕಂಬಳಿಯಾದರೆ ಅದರ ನೂಲಿನ ಗಂಟುಗಳು ಒಣ ಗೆರೆಯಲ್ಲಿ ಮೂಡುತ್ತವೆ.

ಮಸಿಕಡ್ಡಿ ಎಂದರೆ ಕಾಡಿಗೆ ಮತ್ತು ಪ್ರಾಣಿಜನ್ಯ ಅಂಟು. ಎಣ್ಣೆದೀಪದ ಕಾಡಿಗೆಯದು ಬೆಚ್ಚನೆಯ ಹೊಳಪಿನ ಕಪ್ಪು, ಪೈನ್ ಸುಟ್ಟ ಕಾಡಿಗೆಯದು ಮಂಕು, ನೀಲಿ ಛಾಯೆ. ಹೂವಿಗೆ ಮೊದಲನೆಯದು ಒಳ್ಳೆಯದು. ಮಸಿ ತೇಯುವ ಕಲ್ಲಿನ ಮೇಲೆ ಅರ್ಧ ಚಮಚ ನೀರು ಹಾಕಿ, ಸಾಣೆಕಲ್ಲಿನ ಮೇಲೆ ಗಂಧ ತೇಯುವಂತೆ ಕಡ್ಡಿಯನ್ನು ನೇರ ಹಿಡಿದು ನಿಧಾನ ಸುತ್ತಿಸಿ. ಐದರಿಂದ ಹತ್ತು ನಿಮಿಷ. ಕಡ್ಡಿ ಹೋದ ದಾರಿ ತಕ್ಷಣ ಮುಚ್ಚಿಕೊಳ್ಳದಿದ್ದರೆ ಮಸಿ ಸಿದ್ಧ. ಮುಗಿದ ಮೇಲೆ ಕಡ್ಡಿಯನ್ನು ಒರೆಸಿಡಿ. ಕಲ್ಲಿನ ಮೇಲೇ ನಿಲ್ಲಿಸಿಟ್ಟರೆ ಅಂಟಿಕೊಂಡು, ಕೀಳುವಾಗ ಕಲ್ಲಿನ ಚೂರೇ ಬರಬಹುದು. ರಾತ್ರಿ ಉಳಿದ ಮಸಿಯ ಅಂಟು ಕೊಳೆಯುತ್ತದೆ, ವಾಸನೆ ಬರುತ್ತದೆ. ಅದರಲ್ಲಿ ಬರೆದ ಚಿತ್ರವನ್ನು ಹಿಂದೆ ಕಾಗದ ಅಂಟಿಸಲು ಒದ್ದೆ ಮಾಡಿದಾಗ ಕಪ್ಪು ಕದಡಿ ಹರಿಯುತ್ತದೆ. ಅಭ್ಯಾಸಕ್ಕೆ ಬಾಟಲಿ ಮಸಿ ಸಾಕು. ಸ್ಟೇಷನರಿ ಅಂಗಡಿಯ ವಾಟರ್‌ಪ್ರೂಫ್ ಇಂಡಿಯನ್ ಇಂಕ್ ಮಾತ್ರ ಬೇಡ, ಅದರಲ್ಲಿರುವ ಅರಗು ಕುಂಚದ ಬುಡದಲ್ಲಿ ಗಟ್ಟಿಯಾಗುತ್ತದೆ.

ಕುಂಚ ಎರಡು ಸಾಕು. ಎಲೆ, ಕೊಂಬೆಗೆ ವೀಸಲ್ ಎಂಬ ಸಣ್ಣ ಪ್ರಾಣಿಯ ಪುಟಿಯುವ ಕೂದಲಿನದು (ಅಂಗಡಿಯವರು ‘ತೋಳದ ಕೂದಲು’ ಎನ್ನುತ್ತಾರೆ), ಕಮಲದ ಎಲೆಯಂಥ ದೊಡ್ಡ ಒದ್ದೆ ಜಾಗಕ್ಕೆ ಮೇಕೆಕೂದಲಿನದು.

ಗೆರೆ ಎಲ್ಲ ಒಂದೇ ಬೂದಿಯಾಗಿ ಬರುತ್ತದೆ. ಯಾಕೆ?

ಎರಡು ಕಾರಣ. ಒದ್ದೆಯಲ್ಲಿ ಕಂಡ ಕಪ್ಪು ಒಣಗಿದ ಮೇಲೆ ಒಂದು ಮಟ್ಟ ತೆಳುವಾಗುತ್ತದೆ. ಕಣ್ಣಿಗೆ ಸರಿ ಅನ್ನಿಸಿದ್ದಕ್ಕಿಂತ ಗಾಢವಾಗಿ ಶುರುಮಾಡಿ. ಎರಡನೆಯದು, ಕುಂಚವನ್ನು ತಟ್ಟೆಯಲ್ಲಿ ಕಲಸಿ ಕಲಸಿ ಒಂದೇ ಹದ ಮಾಡಿಬಿಟ್ಟಿದ್ದೀರಿ. ಕುಂಚದ ಹೊಟ್ಟೆಗೆ ತೆಳು ಮಸಿ ಕುಡಿಸಿ, ತಟ್ಟೆಯ ಅಂಚಿಗೆ ಒತ್ತಿ ನೀರು ಇಳಿಸಿ, ತುದಿಗೆ ಮಾತ್ರ ಗಾಢ ಮಸಿ ಮುಟ್ಟಿಸಿ. ಒಂದೇ ಒತ್ತಿನಲ್ಲಿ ಎರಡು ಮೂರು ಛಾಯೆ ಬರುತ್ತದೆ. ಸುಟ್ಟದ್ದು, ಗಾಢ, ಭಾರ, ತೆಳು, ತಿಳಿ ಎಂದು ಮಸಿಗೆ ಐದು ಬಣ್ಣ ಎಣಿಸುತ್ತಾರೆ. ಮಳೆಗಾಲದ ಕರಾವಳಿ, ಮಲೆನಾಡಿನ ತೇವದಲ್ಲಿ ಕಾಗದ ನಿಧಾನ ಒಣಗುವುದರಿಂದ ಎಲ್ಲದಕ್ಕೂ ನೀರು ಇನ್ನಷ್ಟು ಕಡಿಮೆ ಮಾಡಿ.

ಕಪ್ಪು ಎಲೆ, ಕೆಂಪು ಹೂವಿನ ಚಿತ್ರಗಳೂ ‘ಮಸಿಚಿತ್ರ’ವೇ?

ಹೌದು. ವೂ ಚಾಂಗ್‌ಶುವೊ (1844–1927), ಚೀ ಬೈಶಿ (1864–1957) ಆ ದಾರಿಯವರು. ಅಲ್ಲಿ ಅಕ್ಷರ, ಮುದ್ರೆ ಕೆತ್ತುವ ಕೈ ಹೂವಿನ ಕೊಂಬೆಯಲ್ಲೂ ಕಾಣುತ್ತದೆ.

ಕೆಂಪು ಮುದ್ರೆಗಳು ಯಾರವು?

ಸಹಿಯ ಪಕ್ಕದ್ದು ಚಿತ್ರಕಾರನದು, ಉಳಿದವು ಬಹುಪಾಲು ಆಮೇಲೆ ಒಡೆಯರಾದವರದು. ಇಂಗಳೀಕ, ಹರಳೆಣ್ಣೆ, ಮೂಲಿಕೆಯ ನಾರು ಕಲಸಿದ ಲೇಪ ಅದು. ಮುದ್ರೆಯನ್ನು ಹೂವಿಗೆ ಅಂಟಿಸಿದಂತೆ ಒತ್ತಬೇಡಿ, ಬಣ್ಣದ ಹೂವೆಂದು ಕಣ್ಣು ಮೋಸಹೋಗುತ್ತದೆ.

ಒಳ್ಳೆಯ ಮಾದರಿಗಳು ಎಲ್ಲಿ ಸಿಗುತ್ತವೆ?

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ತನ್ನ ಜಾಲತಾಣದಲ್ಲಿ ಹಕ್ಕುಸ್ವಾಮ್ಯ ಮುಗಿದ ಚಿತ್ರಗಳನ್ನು 2017ರಿಂದ ಉಚಿತವಾಗಿ ಬಿಟ್ಟಿದೆ. ಸೋಂಗ್ ಕಾಲದ ಜಾವ್ ಮೆಂಗ್‌ಜ್ಯೆನ್‌ನ ನಾರ್ಸಿಸಸ್ ಹೂಗಳ ಉದ್ದ ಸುರುಳಿ ಅಲ್ಲಿದೆ, ಅವನದೇ ‘ಮೂವರು ಗೆಳೆಯರು’ ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದಲ್ಲಿ. ನಕಲು ಮಾಡಲು ಕೂತಾಗ ಇಡೀ ಸುರುಳಿಗೆ ಕೈಹಾಕಬೇಡಿ. ಒಂದು ಎಲೆ ಬುಡದಿಂದ ತುದಿಯವರೆಗೆ ಎಲ್ಲಿ ದಪ್ಪವಾಯಿತು, ಎಲ್ಲಿ ತಿರುಗಿತು ಎಂದು ದೊಡ್ಡದು ಮಾಡಿ ನೋಡಿ, ಅದೊಂದನ್ನೇ ಹಾಳೆ ತುಂಬ ಬರೆಯಿರಿ.